ಹಗಲಿನ ಬಿಸಿಲು, ಸಂಜೆಯ ಕರೆಂಟು: ಕಾಸರಗೋಡಿನ ಪದವುಗಳ ಮೇಲೆ ಯಾಕಿಷ್ಟು ಕಣ್ಣು?

ಕರೆಂಟಿನ ಸುದ್ದಿಗಳಲ್ಲಿ ಕಾಸರಗೋಡಿನ ಹೆಸರು ಮತ್ತೆ ಮತ್ತೆ ಬರುತ್ತಿದೆ. ಪೈವಳಿಕೆಯ ಪದವಿನಲ್ಲಿ, ಅಂದರೆ ಗುಡ್ಡೆಯ ಮೇಲಿನ ಮುರಕಲ್ಲಿನ (ಕೆಂಪುಕಲ್ಲಿನ) ಬಯಲಿನಲ್ಲಿ, ಸೋಲಾರ್ ಆಯಿತು. ಉಡುಪಿಯಿಂದ ಕರಿಂದಳಕ್ಕೆ 400 ಕೆ.ವಿ. ಲೈನ್ ಎಳೆಯುವ ವಿಚಾರದಲ್ಲಿ ವರ್ಷಗಟ್ಟಲೆ ಜಗಳ ನಡೆಯಿತು. ಮೈಲಾಟಿಗೆ ಭಾರಿ ಬ್ಯಾಟರಿ ಬರುತ್ತದೆ ಅಂದರು. ಚೀಮೇನಿಯಲ್ಲಿ ಅಣು ಸ್ಥಾವರ ಆಗಬಹುದಾ ಅನ್ನುವ ಚರ್ಚೆಯೂ ಎದ್ದಿತು. ಇಷ್ಟಾದರೂ ಬೇಸಗೆ ಬಂತೆಂದರೆ ಸಂಜೆ ಹೊತ್ತು ಕರೆಂಟಿನ ಆತಂಕ ತಪ್ಪಿಲ್ಲ.

ಓದುವವರಿಗೆ ಗೊಂದಲ ಆಗುವುದು ಸಹಜ. ಬಿಸಿಲಿನ ಕರೆಂಟು ಅಗ್ಗ ಅಂತಾರೆ, ಮತ್ತೆ ಬಿಲ್ಲು ಯಾಕೆ ಏರುತ್ತದೆ? ಹಗಲು ಕರೆಂಟು ಮಿಗುತ್ತದೆ ಅಂತಾರೆ, ಮತ್ತೆ ಹೊರಗಿನಿಂದ ತರಲು ಲೈನ್ ಯಾಕೆ? ಸೋಲಾರ್ ಪರಿಸರಕ್ಕೆ ಒಳ್ಳೆಯದು ಅಂತಾರೆ, ಮತ್ತೆ ಪರಿಸರದ ಹೆಸರಲ್ಲೇ ಅದಕ್ಕೆ ವಿರೋಧ ಯಾಕೆ? ಇವೆಲ್ಲ ಬೇರೆ ಬೇರೆ ಸುದ್ದಿಗಳ ಹಾಗೆ ಕಾಣುತ್ತವೆ. ಬಿಡಿಸಿ ನೋಡಿದರೆ ಎಲ್ಲವೂ ಎರಡು ಪ್ರಶ್ನೆಗೆ ಬಂದು ನಿಲ್ಲುತ್ತವೆ. ಕರೆಂಟು ಯಾವ ಹೊತ್ತಿಗೆ ಬೇಕು? ಅದಕ್ಕಾಗಿ ಯಾರ ಜಾಗ ಹೋಗುತ್ತದೆ?

ಸಂಜೆ ಏಳು ಗಂಟೆಯ ಲೆಕ್ಕ

ಕೇರಳದಲ್ಲಿ ಕಲ್ಲಿದ್ದಲು ಸುಡುವ ವಿದ್ಯುತ್ ಸ್ಥಾವರ ಇಲ್ಲ. ಸ್ವಂತದ್ದು ಅಂತ ಇರುವುದು ಹೆಚ್ಚಾಗಿ ಜಲವಿದ್ಯುತ್. ಅದರಲ್ಲಿ ದೊಡ್ಡದು 780 ಮೆಗಾವ್ಯಾಟಿನ ಇಡುಕ್ಕಿ. ನಾಫ್ತಾದಿಂದ ನಡೆಯಬೇಕಿದ್ದ ಕಾಯಂಕುಳಂ ಸ್ಥಾವರ ಇಂಧನ ದುಬಾರಿಯಾದ ಕಾರಣ ಸುಮ್ಮನೆ ನಿಂತಿದೆ. ಹಾಗಾಗಿ ರಾಜ್ಯ ಬಳಸುವ ಕರೆಂಟಿನಲ್ಲಿ ಸುಮಾರು 70 ಶೇಕಡ ಹೊರಗಿನಿಂದ ಬರುತ್ತದೆ.

2024ರ ಮೇ ತಿಂಗಳ ಸೆಕೆ ನೆನಪಿರಬಹುದು. ಆಗ ಕೇರಳದ ಬೇಡಿಕೆ 5,700 ಮೆಗಾವ್ಯಾಟ್ ದಾಟಿತು, ದಿನದ ಬಳಕೆ 11 ಕೋಟಿ ಯೂನಿಟ್ ಮೀರಿತು. ಬೇಡಿಕೆ ಇಷ್ಟು ಏರಿದ್ದು ಮಧ್ಯಾಹ್ನ ಅಲ್ಲ, ಕತ್ತಲಾದ ಮೇಲೆ. ಕೇರಳದಲ್ಲಿ ದೊಡ್ಡ ಕಾರ್ಖಾನೆಗಳು ಕಡಿಮೆ, ಮನೆ ಬಳಕೆ ಜಾಸ್ತಿ. ಜನ ಕೆಲಸ ಮುಗಿಸಿ ಮನೆ ಸೇರುತ್ತಾರೆ, ದೀಪ, ಫ್ಯಾನು, ಟಿವಿ, ಎಸಿ ಎಲ್ಲ ಒಟ್ಟಿಗೆ ಓಡುತ್ತವೆ. ಈಗ ಕರೆಂಟಿನ ಸ್ಕೂಟರು, ಕಾರುಗಳನ್ನೂ ಆ ಹೊತ್ತಿಗೇ ಚಾರ್ಜಿಗೆ ಹಾಕುತ್ತಾರೆ.

ಇನ್ನು ಸೋಲಾರ್ ಪ್ಯಾನೆಲ್ ನೋಡಿ. ಬೆಳಗ್ಗೆ ಎಂಟಕ್ಕೆ ಕೆಲಸ ಸುರು ಮಾಡಿ ಮಧ್ಯಾಹ್ನ ಹನ್ನೆರಡಕ್ಕೆ ತುದಿ ಮುಟ್ಟಿ ಸಂಜೆ ಆರಕ್ಕೆ ಮಲಗುತ್ತದೆ. ಅಂದರೆ ಬೇಡಿಕೆ ಏರುವ ಹೊತ್ತಿಗೆ ಸರಿಯಾಗಿ ಅದು ಕೈ ಬಿಡುತ್ತದೆ. ಮನೆಗಳ ಚಾವಣಿ ಮೇಲೆ ಪ್ಯಾನೆಲ್ ಹೆಚ್ಚಿದಷ್ಟೂ ಹಗಲಿನ ಕರೆಂಟು ಅಗ್ಗವಾಗುತ್ತದೆ, ಸಂಜೆಯದ್ದು ದುಬಾರಿಯೇ ಉಳಿಯುತ್ತದೆ. ವಿದ್ಯುತ್ ಮಾರುಕಟ್ಟೆಯಲ್ಲಿ ಸಂಜೆಯ ದರ ಎಷ್ಟೋ ಸಲ ಯೂನಿಟ್‌ಗೆ 10 ರೂಪಾಯಿಯ ಗರಿಷ್ಠ ಮಿತಿ ಮುಟ್ಟುತ್ತದೆ. ಆ ಹೊತ್ತಿಗೆ ಕೊಳ್ಳದಿದ್ದರೆ ಕತ್ತಲು, ಕೊಂಡರೆ ಬಿಲ್ಲು. ಅಗ್ಗದ ಬಿಸಿಲು ಮತ್ತು ಏರುವ ಬಿಲ್ಲು ಒಟ್ಟೊಟ್ಟಿಗೆ ಇರುವುದು ಹೀಗೆ.

ತಿಂಗಳಿಗೆ 250 ಯೂನಿಟ್‌ಗಿಂತ ಜಾಸ್ತಿ ಬಳಸುವ ಮನೆಗಳಿಗೆ ಹಗಲಿಗೊಂದು ದರ, ಸಂಜೆಗೊಂದು ದರ ಬಂದದ್ದು ಇದೇ ಕಾರಣಕ್ಕೆ. 2025ರಲ್ಲಿ ನೆಟ್ ಮೀಟರಿಂಗ್ ನಿಯಮ ಬದಲಿಸಲು ಹೊರಟಾಗ ಪ್ಯಾನೆಲ್ ಹಾಕಿದ ಮನೆಯವರು ಸಿಟ್ಟಾದದ್ದೂ ಇದೇ ವಿಷಯಕ್ಕೆ. ಹಗಲು ಕೊಟ್ಟ ಒಂದು ಯೂನಿಟ್ಟಿಗೆ ಸಂಜೆ ಒಂದು ಯೂನಿಟ್ ವಾಪಸು ಕೊಡುವುದು ತನಗೆ ನಷ್ಟ ಅನ್ನುವುದು ಕೇರಳ ವಿದ್ಯುತ್ ಮಂಡಳಿಯ ವಾದ. ಸರ್ಕಾರ ಹೇಳಿತು ಅಂತ ಸಾಲ ಮಾಡಿ ಪ್ಯಾನೆಲ್ ಹಾಕಿದವರು ನಡುವೆ ನಿಯಮ ಯಾಕೆ ಬದಲಿಸುತ್ತೀರಿ ಅಂತ ಕೇಳುತ್ತಾರೆ. ಎರಡರಲ್ಲೂ ನ್ಯಾಯ ಇದೆ.

ದೀಪ ಇಲ್ಲಿ, ಹೊಗೆ ಅಲ್ಲಿ

ಹೊರಗಿನಿಂದ ಬರುವ ಕರೆಂಟಿನ ದೊಡ್ಡ ಪಾಲು ಕಲ್ಲಿದ್ದಲಿನದ್ದು. ತೆಲಂಗಾಣದ ರಾಮಗುಂಡಂ, ಒಡಿಶಾದ ತಾಲ್ಚೇರ್‌ನಂಥ ಕೇಂದ್ರ ಸ್ಥಾವರಗಳಿಂದ ಅದು ಬರುತ್ತದೆ. ಕೇರಳದ ಆಕಾಶ ಶುಭ್ರ ಇದ್ದರೂ ಇಲ್ಲಿನ ದೀಪದ ಹೊಗೆ ಬೇರೆ ಯಾರದೋ ಊರಲ್ಲಿ ಏಳುತ್ತಿದೆ. ದೇಶದ ಗ್ರಿಡ್‌ನಿಂದ ಬರುವ ಒಂದು ಯೂನಿಟ್ ಕರೆಂಟಿಗೆ ಸರಾಸರಿ 700 ಗ್ರಾಂಗಿಂತ ಜಾಸ್ತಿ ಇಂಗಾಲದ ಡೈಆಕ್ಸೈಡ್ ಗಾಳಿ ಸೇರುತ್ತದೆ.

ದೇಶದ ಮಟ್ಟದಲ್ಲೂ ಜನರನ್ನು ಗೊಂದಲಕ್ಕೆ ಹಾಕುವ ಒಂದು ಸುದ್ದಿ ಇದೆ. ಭಾರತದ ವಿದ್ಯುತ್ ಸಾಮರ್ಥ್ಯದ ಅರ್ಧ ಪಾಲು ಈಗ ಕಲ್ಲಿದ್ದಲು, ಗ್ಯಾಸು ಅಲ್ಲದ ಮೂಲಗಳದ್ದು ಅಂತ 2025ರಲ್ಲಿ ಘೋಷಣೆ ಆಯಿತು. ಅದು ಸುಳ್ಳಲ್ಲ. ಆದರೆ ಸಾಮರ್ಥ್ಯ ಬೇರೆ, ನಿಜವಾಗಿ ಹುಟ್ಟುವ ಕರೆಂಟು ಬೇರೆ. ಸೋಲಾರ್ ಸ್ಥಾವರ ವರ್ಷದ ಒಟ್ಟು ಗಂಟೆಗಳಲ್ಲಿ ಐದನೇ ಒಂದು ಪಾಲಿನಷ್ಟು ಮಾತ್ರ ಪೂರ್ತಿ ಶಕ್ತಿಯಲ್ಲಿ ಓಡಿದ ಲೆಕ್ಕ ಬರುತ್ತದೆ. ಕಲ್ಲಿದ್ದಲು ರಾತ್ರಿ ಹಗಲು ಓಡುತ್ತದೆ. ಹಾಗಾಗಿ ನಾವು ಉರಿಸುವ ಕರೆಂಟಿನಲ್ಲಿ ಕಲ್ಲಿದ್ದಲಿನ ಪಾಲು ಈಗಲೂ ಮುಕ್ಕಾಲಿಗೆ ಹತ್ತಿರ ಇದೆ.

ಭಾರತದ ತಲಾ ಹೊಗೆ ಜಗತ್ತಿನ ಸರಾಸರಿಯ ಅರ್ಧಕ್ಕಿಂತ ಕಡಿಮೆ. ಬೆಳೆಯುವ ದೇಶಕ್ಕೆ ಕರೆಂಟು ಇನ್ನೂ ಬೇಕು, ಅದರಲ್ಲಿ ತಪ್ಪಿಲ್ಲ. ಕಲ್ಲಿದ್ದಲಿನಿಂದ ಬಿಸಿಲಿಗೆ ದಾಟುವುದೂ ಬೇಕೇ ಬೇಕು. ಆದರೆ ಹೀಗೆ ದಾಟುವಾಗ ಭಾರ ಎಲ್ಲಿ ಬೀಳುತ್ತದೆ ಅಂತ ನೋಡದೆ ಹೋದರೆ, ಹಿಂದೆ ರಾಮಗುಂಡಂಗೆ ಆದದ್ದು ಇನ್ನೊಂದು ರೂಪದಲ್ಲಿ ಪೈವಳಿಕೆಗೆ ಆಗುತ್ತದೆ.

ಮೈಲಾಟಿಯ ಬ್ಯಾಟರಿ ಎಷ್ಟು ದೊಡ್ಡದು?

ಹಗಲಿನ ಕರೆಂಟನ್ನು ಸಂಜೆಗೆ ಎತ್ತಿಡುವ ಉಪಾಯವೇ ಬ್ಯಾಟರಿ. ಮೈಲಾಟಿಯ ಸಬ್‌ಸ್ಟೇಷನ್ ಪಕ್ಕ 125 ಮೆಗಾವ್ಯಾಟ್ ಶಕ್ತಿಯ, ನಾಲ್ಕು ಗಂಟೆ ಕೊಡಬಲ್ಲ ಬ್ಯಾಟರಿ ಘಟಕಕ್ಕೆ 2025ರಲ್ಲಿ ಕಂಪೆನಿ ನಿಗದಿಯಾಯಿತು. ಹಿಂದೆ ಎಣ್ಣೆ ಸುಟ್ಟು ಕರೆಂಟು ಮಾಡುವ ಸಣ್ಣ ಸ್ಥಾವರ ಇದ್ದದ್ದೂ ಇದೇ ಮೈಲಾಟಿಯಲ್ಲಿ.

ಲೆಕ್ಕ ಸರಳ. 125 ಮೆಗಾವ್ಯಾಟನ್ನು ನಾಲ್ಕು ಗಂಟೆಯಿಂದ ಗುಣಿಸಿದರೆ 5 ಲಕ್ಷ ಯೂನಿಟ್. ಪೈವಳಿಕೆಯ 50 ಮೆಗಾವ್ಯಾಟ್ ಸೋಲಾರ್ ಒಳ್ಳೆಯ ಬಿಸಿಲಿನ ದಿನ ಕೊಡುವುದು ಸುಮಾರು 2 ಲಕ್ಷ ಯೂನಿಟ್ ಅಂತ ಇಟ್ಟುಕೊಂಡರೆ, ಅಂಥ ಎರಡು ಸೋಲಾರ್ ಪಾರ್ಕಿನ ಇಡೀ ದಿನದ ಕರೆಂಟು ಈ ಬ್ಯಾಟರಿಯ ಹೊಟ್ಟೆಗೆ ಹಿಡಿಯುತ್ತದೆ. ದೊಡ್ಡದು ಹೌದು. ಆದರೆ ಸಂಜೆಯ 5,700 ಮೆಗಾವ್ಯಾಟ್ ಬೇಡಿಕೆಯ ಮುಂದೆ ಇದು ನೂರಕ್ಕೆ ಎರಡೇ ಪಾಲು. ಅಂದರೆ ಇದು ಆರಂಭ ಮಾತ್ರ, ಇಂಥವು ಇನ್ನೂ ಹತ್ತಾರು ಬೇಕು. ಬ್ಯಾಟರಿಗೆ ಜಾಗ ಕಡಿಮೆ ಸಾಕು, ಹೊಗೆ ಇಲ್ಲ, ಸಬ್‌ಸ್ಟೇಷನ್ ಪಕ್ಕದಲ್ಲೇ ಇಡಬಹುದು. ತುಂಬಿಸಿ ತೆಗೆಯುವಾಗ ಒಂದಿಷ್ಟು ಕರೆಂಟು ನಷ್ಟವಾಗುತ್ತದೆ, ಆಯಸ್ಸು ಮುಗಿದ ಮೇಲೆ ವಿಲೇವಾರಿಯ ತಲೆನೋವು ಇದೆ. ಅದಕ್ಕೆ 2022ರ ಬ್ಯಾಟರಿ ತ್ಯಾಜ್ಯ ನಿಯಮ ಇದೆ. ಎಲ್ಲ ಸೇರಿಸಿ ನೋಡಿದರೂ ಈ ಜಿಲ್ಲೆಗೆ ಬಂದ ಯೋಜನೆಗಳಲ್ಲಿ ಊರಿಗೆ ಕಡಿಮೆ ಪೆಟ್ಟು ಕೊಡುವುದು ಇದೇ ಅಂತ ಕಾಣುತ್ತದೆ.

ಪದವು ಖಾಲಿ ಜಾಗವಾ?

ಪೈವಳಿಕೆ, ಮೀಂಜ, ಚಿಪ್ಪಾರು ಗ್ರಾಮಗಳ 250 ಎಕರೆಯಲ್ಲಿ ಹರಡಿರುವ ಸೋಲಾರ್ ಸ್ಥಾವರ 2021ರ ಫೆಬ್ರವರಿ 19ರಂದು ಉದ್ಘಾಟನೆಯಾಯಿತು. ಖರ್ಚು ಸುಮಾರು 280 ಕೋಟಿ ರೂಪಾಯಿ. ಅದಕ್ಕಿಂತ ಮೊದಲೇ ಅಂಬಲತ್ತರದಲ್ಲಿ 50 ಮೆಗಾವ್ಯಾಟ್ ಆಗಿತ್ತು. ಜಿಲ್ಲೆಯಲ್ಲಿ ಒಟ್ಟು 200 ಮೆಗಾವ್ಯಾಟ್ ಮಾಡುವುದು ಮೂಲ ಯೋಜನೆಯಾಗಿತ್ತು.

ಕಾಸರಗೋಡನ್ನೇ ಯಾಕೆ ಹುಡುಕಿಕೊಂಡು ಬಂದರು? ಕೇರಳದಲ್ಲಿ ಮನೆ, ತೋಟ, ಕಾಡು ಬಿಟ್ಟರೆ ಬಯಲು ಜಾಗ ಸಿಗುವುದೇ ಕಷ್ಟ. ಇಲ್ಲಿ ಮುರಕಲ್ಲಿನ ಪದವುಗಳಿವೆ. ಮರ ಕಡಿಮೆ, ನೆರಳು ಇಲ್ಲ, ಬೆಳೆ ಇಲ್ಲ, ಹೆಚ್ಚಿನದು ಸರ್ಕಾರಿ ಜಾಗ. ತಿರುವನಂತಪುರದಲ್ಲಿ ಕೂತು ನಕ್ಷೆ ನೋಡುವವರಿಗೆ ಇದು ಪಾಳು ಭೂಮಿ. ಬೇಸಗೆಯಲ್ಲಿ ಬಂದು ನೋಡಿದವರಿಗೂ ಹಾಗೇ ಅನಿಸಬಹುದು.

ಈ ಊರಿನವರಿಗೆ ಪದವು ಅಂದರೆ ನೀರು. ಮುರಕಲ್ಲು ಸ್ಪಂಜಿನ ಹಾಗೆ, ಅದರ ತುಂಬ ತೂತು. ಮಳೆಗಾಲದ ನೀರು ಪದವಿನ ಮೇಲೆ ಅಲ್ಲಲ್ಲಿ ನಿಲ್ಲುತ್ತದೆ, ಮದಕಗಳಲ್ಲಿ (ಮಳೆನೀರು ನಿಲ್ಲುವ ಕೆರೆಗಳಲ್ಲಿ) ತುಂಬುತ್ತದೆ, ನಿಧಾನವಾಗಿ ಒಳಗೆ ಇಳಿಯುತ್ತದೆ. ಕೆಳಗಿನ ಜೇಡಿ ಪದರ ಸಿಕ್ಕಿದಲ್ಲಿ ಅಡ್ಡಕ್ಕೆ ಜಾರಿ ಗುಡ್ಡೆಯ ಬದಿಯಲ್ಲಿ ಒಸರುತ್ತದೆ. ಬಾಯಾರು, ಪೈವಳಿಕೆ, ಎಣ್ಮಕಜೆ ಕಡೆಯ ಹಿರಿಯರು ಆ ಒಸರನ್ನು ಹುಡುಕಿ ಗುಡ್ಡೆಯ ಒಳಕ್ಕೆ ಅಡ್ಡವಾಗಿ ಸುರಂಗ ಕೊರೆದರು. ಒಬ್ಬ ಮನುಷ್ಯ ಬಗ್ಗಿ ನಡೆಯುವಷ್ಟೇ ಜಾಗ, ಕೈಯಲ್ಲಿ ಒಂದು ಪಿಕ್ಕಾಸು, ಮೇಣದ ಬತ್ತಿಯ ಬೆಳಕು. ಮನೆಗೂ ತೋಟಕ್ಕೂ ನೀರು ತನ್ನಷ್ಟಕ್ಕೇ ಹರಿದು ಬರುತ್ತದೆ. ಪಂಪ್ ಬೇಡ, ಕರೆಂಟು ಬೇಡ. ಸುರಂಗವನ್ನು ಹಳೆ ಕಾಲದ ವಿಸ್ಮಯ ಅಂತ ಫೋಟೋ ತೆಗೆಯುವವರು ಬಹಳ. ಇವತ್ತಿನ ಲೆಕ್ಕದಲ್ಲೂ ಅದು ಇಂಧನದ ಉಳಿತಾಯ ಅನ್ನುವುದನ್ನು ಹೇಳುವವರು ಕಡಿಮೆ.

ಈಗ ಪದವನ್ನು ಯಂತ್ರದಲ್ಲಿ ಸಮ ಮಾಡಿ, ತಗ್ಗು ತುಂಬಿಸಿ, ರಸ್ತೆ ಮಾಡಿ, ಚರಂಡಿ ತೋಡಿದರೆ ಏನಾಗುತ್ತದೆ? ನಿಲ್ಲಬೇಕಾದ ನೀರು ಓಡುತ್ತದೆ. ಓಡಿದ ನೀರು ಒಂದೇ ಕಡೆ ನುಗ್ಗಿ ಕೆಳಗಿನ ತೋಟದ ಮಣ್ಣು ಕೊಚ್ಚುತ್ತದೆ. ಒಳಗೆ ಇಳಿಯುವುದು ಕಡಿಮೆಯಾದರೆ ಮಾರ್ಚ್, ಏಪ್ರಿಲ್ ಹೊತ್ತಿಗೆ ಸುರಂಗದ ಎಳೆ ಸಣ್ಣದಾಗುತ್ತದೆ. ಆಮೇಲೆ ಉಳಿಯುವುದು ಬೋರ್‌ವೆಲ್. ಬೋರ್‌ವೆಲ್‌ಗೆ ಕರೆಂಟು ಬೇಕು. ಕಾಸರಗೋಡು ಬ್ಲಾಕ್ ಕೇರಳದಲ್ಲೇ ಅಂತರ್ಜಲದ ಮೇಲೆ ಅತಿ ಹೆಚ್ಚು ಒತ್ತಡ ಇರುವ ಜಾಗಗಳಲ್ಲಿ ಒಂದು. ಹಸಿರು ಕರೆಂಟು ಮಾಡಲು ಹೋಗಿ, ಕರೆಂಟೇ ಬೇಡದೆ ಬರುತ್ತಿದ್ದ ನೀರನ್ನು ಪಂಪಿಗೆ ತಂದು ನಿಲ್ಲಿಸಿದರೆ ಅದನ್ನು ಲಾಭ ಅಂತ ಹೇಗೆ ಬರೆಯುವುದು?

ಪದವಿನ ಹುಲ್ಲು ದನಗಳ ಮೇವು. ಮನೆ ಹೊದೆಸಲು ಮುಳಿಹುಲ್ಲು ಕೊಯ್ಯುತ್ತಿದ್ದದ್ದೂ ಇಲ್ಲೇ. ಮಳೆಗಾಲ ಮುಗಿಯುತ್ತ ಬಂದಾಗ ಕಲ್ಲಿನ ಮೇಲೆ ಬೆರಳುದ್ದದ ಗಿಡಗಳು ನೀಲಿ ಹಾಸಿನ ಹಾಗೆ ಹೂ ಬಿಡುತ್ತವೆ. ಮುರಕಲ್ಲಿನ ಬಯಲಲ್ಲಿ ಬಿಟ್ಟರೆ ಬೇರೆಲ್ಲೂ ಬದುಕದ ಗಿಡಗಳು ಅವುಗಳಲ್ಲಿ ಇವೆ.

ಒಂದು ಮಾತು ಇಲ್ಲೇ ಹೇಳಬೇಕು. ಪದವನ್ನು ಮೊದಲು ತಿಂದದ್ದು ಸೋಲಾರ್ ಅಲ್ಲ, ಕೆಂಪುಕಲ್ಲಿನ ಕ್ವಾರಿಗಳು. ಯಂತ್ರ ಬಂದ ಮೇಲೆ ಇಡೀ ಗುಡ್ಡೆಗಳೇ ಕರಗಿವೆ. ಕ್ವಾರಿಗೆ ಹೋಲಿಸಿದರೆ ಸೋಲಾರ್ ಸೌಮ್ಯ. ನೆಲ ಸಮ ಮಾಡದೆ ಕಂಬ ಊರಿ, ಮದಕ ಮತ್ತು ನೀರಿನ ದಾರಿ ಬಿಟ್ಟು, ಹುಲ್ಲು ಉಳಿಸಿ ಪ್ಯಾನೆಲ್ ಹಾಕಲು ಸಾಧ್ಯ ಇದೆ. ಪ್ಯಾನೆಲ್ ಮೇಲಿಂದ ಬಿದ್ದ ಮಳೆ ಅಲ್ಲೇ ಇಂಗುವಂತೆ ಮಾಡಲೂ ಬಹುದು. ಖರ್ಚು ಸ್ವಲ್ಪ ಜಾಸ್ತಿ. ಟೆಂಡರಿನಲ್ಲಿ ಕಡಿಮೆ ದರ ಹೇಳಿದವರಿಗೇ ಕೆಲಸ ಸಿಗುವಾಗ, ಬರೆದು ಕಡ್ಡಾಯ ಮಾಡದ ಹೊರತು ಆ ಖರ್ಚನ್ನು ಯಾರೂ ಹಾಕಲಾರರು.

ಚಾವಣಿಯ ದಾರಿ ಇನ್ನೊಂದು. 50 ಮೆಗಾವ್ಯಾಟ್ ಅಂದರೆ 3 ಕಿಲೋವ್ಯಾಟಿನ ಸುಮಾರು 16,700 ಮನೆಗಳು. 2024ರಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ 78,000 ರೂಪಾಯಿ ಸಬ್ಸಿಡಿ ಇದೆ. ಹಂಚಿನ ಮನೆಗಳಿಗೆ, ತೆಂಗು, ಕಂಗಿನ (ಅಡಿಕೆ ಮರದ) ನೆರಳಿನ ಮನೆಗಳಿಗೆ ಇದು ಸುಲಭ ಅಲ್ಲ. ಆದರೆ ಶಾಲೆ, ಆಸ್ಪತ್ರೆ, ಪಂಚಾಯತು ಕಟ್ಟಡ, ಸೊಸೈಟಿಯ ಗೋದಾಮುಗಳ ಚಾವಣಿ ಪೂರ್ತಿ ತುಂಬುವ ಮೊದಲೇ ಪದವಿಗೆ ಕೈ ಹಾಕುವುದು ಸರಿಯಾದ ಕ್ರಮ ಅಲ್ಲ.

ಲೈನ್ ಯಾಕೆ ಬೇಕು, ತೋಟದವರು ಯಾಕೆ ಬೇಡ ಅಂತಾರೆ?

ಉಡುಪಿ–ಕಾಸರಗೋಡು 400 ಕೆ.ವಿ. ಲೈನ್ ಸುಮಾರು 115 ಕಿಲೋಮೀಟರ್ ಉದ್ದ. 2019ರಲ್ಲಿ ಗುತ್ತಿಗೆ ಆಯಿತು. ಅದು ಹೊರಡುವುದು ಉಡುಪಿಯ ನಂದಿಕೂರು–ಎಲ್ಲೂರು ಕಡೆಯಿಂದ. ಅಲ್ಲಿ 1,200 ಮೆಗಾವ್ಯಾಟಿನ ಕಲ್ಲಿದ್ದಲು ಸ್ಥಾವರ ಇದೆ. ಅದರಿಂದಾದ ಪರಿಸರ ಹಾನಿಗೆ 2022ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 52 ಕೋಟಿ ರೂಪಾಯಿ ಪರಿಹಾರ ವಿಧಿಸಿತ್ತು. ದಕ್ಷಿಣ ಕನ್ನಡ ದಾಟಿ, ವಿಟ್ಲದ ಕಡೆಯಿಂದ ಕಾಸರಗೋಡಿನ ಒಳನಾಡಿಗೆ ಇಳಿದು ಲೈನ್ ಕರಿಂದಳ ಸೇರಬೇಕು.

ಪರವಾಗಿ ಇರುವ ವಾದ ಗಟ್ಟಿಯಾಗಿದೆ. ಉತ್ತರ ಕೇರಳಕ್ಕೆ ಕರೆಂಟು ಬಹಳ ದೂರದಿಂದ ಸುತ್ತಿಕೊಂಡು ಬರುತ್ತದೆ. ಕೊನೆ ಮುಟ್ಟುವಾಗ ವೋಲ್ಟೇಜು ಕುಸಿಯುತ್ತದೆ, ದಾರಿಯಲ್ಲಿ ನಷ್ಟವೂ ಜಾಸ್ತಿ. ಉತ್ತರದಿಂದ ನೇರ ದಾರಿ ಆದರೆ ಕಾಸರಗೋಡು, ಕಣ್ಣೂರಿಗೆ ಅನುಕೂಲ. ಮುಂದೆ ಕರ್ನಾಟಕದ ಗಾಳಿ, ಬಿಸಿಲಿನ ಕರೆಂಟು ಬರುವುದೂ ಇದೇ ತಂತಿಯಲ್ಲಿ. ತಂತಿಗೆ ಹಸಿರು, ಕಪ್ಪು ಅಂತ ಭೇದ ಇಲ್ಲ.

ವಿರೋಧಕ್ಕೂ ಅಷ್ಟೇ ಗಟ್ಟಿ ಕಾರಣ ಇದೆ. 400 ಕೆ.ವಿ. ಲೈನಿನ ಕೆಳಗೆ 46 ಮೀಟರ್ ಅಗಲದ ದಾರಿ ಬಿಡಬೇಕು. ಆ ದಾರಿಯಲ್ಲಿ ಭತ್ತ, ತರಕಾರಿ ಬೆಳೆಯಬಹುದು. ಕಂಗು, ತೆಂಗು, ರಬ್ಬರು ಆಗದು. ಬಯಲುಸೀಮೆಯ ರೈತನಿಗೆ ಲೈನ್ ಹೋದರೆ ಟವರಿನ ನಾಲ್ಕು ಕಾಲಿನ ಜಾಗ ಮಾತ್ರ ನಷ್ಟ. ಇಲ್ಲಿನ ಎರಡು ಎಕರೆ ಕಂಗಿನ ತೋಟದ ನಡುವೆ ಹೋದರೆ ಬದುಕೇ ಹೋದ ಹಾಗೆ. ಕಂಗು ಸರಿಯಾಗಿ ಫಸಲಿಗೆ ಬರಲು ಏಳೆಂಟು ವರ್ಷ ಬೇಕು, ಆ ಜಾಗದಲ್ಲಿ ಮತ್ತೆ ನೆಡುವ ಹಾಗೂ ಇಲ್ಲ.

ಕಾನೂನು ಈ ವ್ಯತ್ಯಾಸ ನೋಡುವುದಿಲ್ಲ. 2003ರ ವಿದ್ಯುತ್ ಕಾಯ್ದೆ ಲೈನ್ ಎಳೆಯುವವರಿಗೆ 1885ರ ಟೆಲಿಗ್ರಾಫ್ ಕಾಯ್ದೆಯ ಅಧಿಕಾರ ಕೊಡಲು ಅವಕಾಶ ಮಾಡಿದೆ. ಅದರ ಪ್ರಕಾರ ಜಾಗ ಸ್ವಾಧೀನ ಮಾಡುವುದಿಲ್ಲ, ಬಳಸುವ ಹಕ್ಕು ಮಾತ್ರ ಪಡೆಯುತ್ತಾರೆ. ಪಟ್ಟೆ ನಿಮ್ಮ ಹೆಸರಲ್ಲೇ ಇರುತ್ತದೆ, ತೆರಿಗೆ ನೀವೇ ಕಟ್ಟುತ್ತೀರಿ, ತೋಟ ಮಾತ್ರ ಇರುವುದಿಲ್ಲ. ತಡೆದರೆ ಜಿಲ್ಲಾಧಿಕಾರಿ ಆದೇಶ ಕೊಡಬಹುದು. ಟೆಲಿಗ್ರಾಫ್ ಕಂಬಕ್ಕೆ ಬ್ರಿಟಿಷರ ಕಾಲದಲ್ಲಿ ಬರೆದ ನಿಯಮ ಇದು, ಈಗ ಆಕಾಶದೆತ್ತರದ ಟವರಿಗೂ ನಡೆಯುತ್ತಿದೆ.

ಪರಿಹಾರ ಮೊದಲಿಗಿಂತ ಉತ್ತಮ ಆಗಿದೆ ಅನ್ನುವುದನ್ನು ಒಪ್ಪಬೇಕು. 2015ರ ಕೇಂದ್ರ ಮಾರ್ಗಸೂಚಿಯಲ್ಲಿ ಟವರಿನ ಅಡಿಯ ಜಾಗಕ್ಕೆ ಭೂಮಿಯ ಬೆಲೆಯ 85 ಶೇಕಡ, ತಂತಿಯ ಕೆಳಗಿನ ದಾರಿಗೆ ಹೆಚ್ಚೆಂದರೆ 15 ಶೇಕಡ ಇತ್ತು. 2024ರ ಜೂನ್‌ನಲ್ಲಿ ಅದು 200 ಮತ್ತು 30 ಆಯಿತು. ಆದರೆ ಇದು ಮಾರ್ಗಸೂಚಿ, ರಾಜ್ಯ ಒಪ್ಪಿಕೊಂಡರೆ ಮಾತ್ರ ನಡೆಯುತ್ತದೆ. ಗಡಿಯ ಆಚೆ ಒಂದು ದರ, ಈಚೆ ಒಂದು ದರ ಆಗುವುದು ಹೀಗೆ. ಒಂದೇ ಲೈನು, ಒಂದೇ ಕಂಗು, ಒಂದೇ ಭಾಷೆ ಮಾತಾಡುವ ಎರಡು ಮನೆ, ಪರಿಹಾರ ಬೇರೆ ಬೇರೆ ಅಂದರೆ ಯಾರಿಗೆ ಸಮಾಧಾನ ಆದೀತು?

ನೆಲದಡಿಯಲ್ಲಿ ಕೇಬಲ್ ಹಾಕಿ ಅನ್ನುವ ಬೇಡಿಕೆಗೆ ಅಧಿಕಾರಿಗಳ ಉತ್ತರ, ದುಬಾರಿ, ಸಾಧ್ಯವಿಲ್ಲ. ಅರ್ಧ ಸತ್ಯ. ಮಾಮೂಲಿ ಎಸಿ ಕರೆಂಟನ್ನು (ದಿಕ್ಕು ಬದಲಿಸುತ್ತ ಹರಿಯುವುದು) ಇಷ್ಟು ವೋಲ್ಟೇಜಿನಲ್ಲಿ ನೆಲದಡಿ ಬಹಳ ದೂರ ಒಯ್ಯುವುದು ನಿಜಕ್ಕೂ ಕಷ್ಟ. ಕೇಬಲ್ಲೇ ಕರೆಂಟನ್ನು ತಿನ್ನುತ್ತದೆ. ಡಿಸಿ (ಒಂದೇ ದಿಕ್ಕಿಗೆ ಹರಿಯುವ ಕರೆಂಟು) ಮಾಡಿದರೆ ಆಗುತ್ತದೆ, ಆದರೆ ಎರಡು ತುದಿಯಲ್ಲೂ ಪರಿವರ್ತಕ ಕೇಂದ್ರ ಬೇಕು. ಪೈವಳಿಕೆಯ ಸೋಲಾರ್ ಉದ್ಘಾಟನೆಯಾದ ದಿನವೇ ಉದ್ಘಾಟನೆಯಾದ 2,000 ಮೆಗಾವ್ಯಾಟಿನ ಪುಗಲೂರು–ತೃಶ್ಶೂರು ಲೈನ್ ಅಂಥದ್ದು. ಕೇರಳದ ಒಳಗೆ ಜಾಗದ ತಕರಾರು ಇದ್ದ ಕಾರಣ ಒಂದಷ್ಟು ದೂರ ಅದನ್ನು ನೆಲದಡಿಯಲ್ಲೇ ತಂದರು. ಒಟ್ಟು ಖರ್ಚು 5,000 ಕೋಟಿ ದಾಟಿತು. ಕೇಬಲ್ ಸಾಧ್ಯವೇ ಇಲ್ಲ ಅನ್ನುವ ಮಾತು ಅಲ್ಲಿಗೆ ಬಿದ್ದು ಹೋಯಿತು. ದುಬಾರಿ ಅನ್ನುವುದು ನಿಜ, ಆದರೆ ಉಳಿತಾಯವಾದ ಹಣ ತೋಟದವರ ಕಿಸೆಯಿಂದ ಹೋಗುತ್ತಿದೆ ಅನ್ನುವುದೂ ಅಷ್ಟೇ ನಿಜ.

ಚೀಮೇನಿಯ ಮಾತು

2024ರ ಡಿಸೆಂಬರ್‌ನಲ್ಲಿ ಕೇಂದ್ರ ಇಂಧನ ಸಚಿವರು ಕೇರಳಕ್ಕೆ ಬಂದಾಗ, 150 ಎಕರೆ ಜಾಗ ಕೊಟ್ಟರೆ ಅಣು ಸ್ಥಾವರ ಆಗಬಹುದು ಅಂದರು. ಚೀಮೇನಿ, ಅದಿರಪ್ಪಿಳ್ಳಿಯ ಹೆಸರು ಕೇಳಿಬಂತು. ಪರವಾಗಿ ಹೇಳುವವರು ಹೊಗೆ ಇಲ್ಲ, ಜಾಗ ಕಡಿಮೆ, ರಾತ್ರಿಯೂ ಕರೆಂಟು, ಕೇರಳದ ಕಡಲ ಮರಳಲ್ಲಿ ಥೋರಿಯಂ ಇದೆ ಅಂತಾರೆ. ಮೊದಲಿನವು ಸರಿ. ಥೋರಿಯಂ ಮಾತ್ರ ಹಾಗೇ ಉರಿಯುವ ಇಂಧನ ಅಲ್ಲ. ರಿಯಾಕ್ಟರಿನಲ್ಲಿ ಅದನ್ನು ಮೊದಲು ಯುರೇನಿಯಂ 233 ಮಾಡಬೇಕು. ಆ ತಂತ್ರಜ್ಞಾನ ದೇಶದಲ್ಲಿ ಇನ್ನೂ ದೊಡ್ಡ ಪ್ರಮಾಣದಲ್ಲಿ ನಡೆಯುತ್ತಿಲ್ಲ.

ಸಮಯದ ಲೆಕ್ಕವೂ ಇದೆ. ಕೂಡಂಕುಳಂನ ಮೊದಲ ಘಟಕದ ಕೆಲಸ 2002ರಲ್ಲಿ ಸುರುವಾಗಿ, ವಾಣಿಜ್ಯ ಉತ್ಪಾದನೆ ಆದದ್ದು 2014ರ ಕೊನೆಗೆ. ಅಣು ಸ್ಥಾವರ ಹಗಲು ರಾತ್ರಿ ಒಂದೇ ಸಮನೆ ಓಡುತ್ತದೆ, ಸಂಜೆಗೆ ಮಾತ್ರ ಏರಿಸಿ ಇಳಿಸುವುದು ಅದರ ಸ್ವಭಾವ ಅಲ್ಲ. ಕೇರಳಕ್ಕೆ ಬೇಕಾದದ್ದು ಸಂಜೆಯ ನಾಲ್ಕೈದು ಗಂಟೆ. ಹಾಗಾಗಿ ಈ ಮದ್ದು ಆ ರೋಗಕ್ಕೆ ನೇರವಾಗಿ ಹೊಂದುವುದಿಲ್ಲ.

ಈ ಜಿಲ್ಲೆಯಲ್ಲಿ ಸುರಕ್ಷಿತ ಅನ್ನುವ ಮಾತಿಗೆ ಒಂದು ಚರಿತ್ರೆಯೂ ಇದೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದಾಗಲೂ ಭಯ ಬೇಡ ಅಂದಿದ್ದರು. 2000ನೇ ಇಸವಿವರೆಗೂ ಸುರಿದರು. ಸಂತ್ರಸ್ತರಿಗೆ ಮೂರು ತಿಂಗಳಲ್ಲಿ 5 ಲಕ್ಷ ರೂಪಾಯಿ ಕೊಡಿ ಅಂತ ಸುಪ್ರೀಂ ಕೋರ್ಟ್ ಹೇಳಬೇಕಾದದ್ದು 2017ರಲ್ಲಿ. ಎಣ್ಮಕಜೆಯ ಮನೆಗಳಲ್ಲಿ ಈಗಲೂ ಹಾಸಿಗೆ ಬಿಟ್ಟು ಏಳಲಾಗದ ಮಕ್ಕಳಿದ್ದಾರೆ. ಈ ಊರಿನವರು ಅನುಮಾನ ಪಟ್ಟರೆ ಅದಕ್ಕೆ ಅಜ್ಞಾನ ಅಂತ ಹೆಸರಿಡುವುದು ಅನ್ಯಾಯ.

ಹಸಿರು ಅಂದಕೂಡಲೇ ಸಭೆ ಯಾಕೆ ಬೇಡ?

ಈ ಇಡೀ ಗೊಂದಲದಲ್ಲಿ ಕಡಿಮೆ ಚರ್ಚೆಯಾದ ವಿಷಯ ಒಂದಿದೆ. ದೊಡ್ಡ ಯೋಜನೆಗೆ ಮೊದಲು ಪರಿಸರ ಪರಿಣಾಮದ ಅಧ್ಯಯನ, ಊರವರ ಅಹವಾಲು ಸಭೆ ಆಗಬೇಕು ಅನ್ನುವುದು 2006ರ ಇಐಎ ಅಧಿಸೂಚನೆ. ಅಣು ಸ್ಥಾವರ, ಕಲ್ಲಿದ್ದಲು ಸ್ಥಾವರ ಅದರ ಪಟ್ಟಿಯಲ್ಲಿವೆ. ಸೋಲಾರ್ ಪ್ಯಾನೆಲ್ ಸ್ಥಾವರ ಇಲ್ಲ. ವಿದ್ಯುತ್ ಲೈನ್ ಇಲ್ಲ. ಕಾಡು ಇದ್ದರೆ ಅರಣ್ಯ ಅನುಮತಿ ಬೇಕು, ಅಷ್ಟೇ. ಪದವು ಕಾಡಲ್ಲ, ತೋಟ ಕಾಡಲ್ಲ.

ಉದ್ದೇಶ ಒಳ್ಳೆಯದಿತ್ತು. ಬಿಸಿಲಿನ ಕರೆಂಟು ಬೇಗ ಬರಲಿ, ಕಡತದಲ್ಲಿ ಕೊಳೆಯದಿರಲಿ ಅಂತ ಈ ರಿಯಾಯಿತಿ. ಪರಿಣಾಮ ಉಲ್ಟಾ ಆಗುತ್ತಿದೆ. ಜನರಿಗೆ ವಿಷಯ ಗೊತ್ತಾಗುವುದು ತೋಟದಲ್ಲಿ ಸರ್ವೆ ಕಲ್ಲು ಕಂಡ ದಿನ. ಆಗ ಹಾದಿ ಬದಲಿಸುವ ಹೊತ್ತು ಮೀರಿರುತ್ತದೆ. ಉಳಿಯುವ ದಾರಿ ತಡೆಯುವುದು ಅಥವಾ ಕೋರ್ಟು. ಆರು ತಿಂಗಳ ಸಭೆ ಉಳಿಸಲು ಹೋಗಿ ಆರು ವರ್ಷ ಕಳೆದ ಹಾಗಾಗುತ್ತದೆ. ಗಡಿನಾಡಿನಲ್ಲಿ ಭಾಷೆಯ ತೊಡಕೂ ಸೇರಿಕೊಳ್ಳುತ್ತದೆ. ಮಂಜೇಶ್ವರ, ಕಾಸರಗೋಡು ತಾಲೂಕಿನ ಹಿರಿಯ ಕನ್ನಡಿಗರಿಗೆ ಮಲಯಾಳಂ ಮಾತು ತಿಳಿದೀತು, ಕಾನೂನಿನ ನೋಟಿಸು ಓದಲು ಆಗದು. ಆಕ್ಷೇಪ ಸಲ್ಲಿಸುವ ಗಡುವು ಕನ್ನಡದ ಕಾಗದದಲ್ಲಿ ಬಾರದಿದ್ದರೆ ಆ ಹಕ್ಕು ಇದ್ದೂ ಇಲ್ಲದ ಹಾಗೆ.

ಮುಂದೆ ಏನಾಗಬಹುದು?

ಬ್ಯಾಟರಿ ಅಗ್ಗವಾಗುತ್ತಿರುವುದರಿಂದ ಮೈಲಾಟಿಯಂಥ ಘಟಕಗಳು ಹೆಚ್ಚುತ್ತವೆ. ಹೆಚ್ಚಿದಂತೆ ಹಗಲಿನ ಸೋಲಾರಿಗೆ ಬೆಲೆ ಬರುತ್ತದೆ. ಬೆಲೆ ಬಂದಂತೆ ಉಳಿದ ಪದವುಗಳ ಮೇಲೆ ಮತ್ತೆ ಕಣ್ಣು ಬೀಳುತ್ತದೆ. ಸಂಜೆಯ ಹೊರೆಯನ್ನೇ ತಗ್ಗಿಸುವುದು ಆ ಒತ್ತಡ ಇಳಿಸುವ ಒಂದು ದಾರಿ. ಡಿಸೆಂಬರಿನಿಂದ ಮೇವರೆಗೆ ಕಂಗಿಗೆ ನೀರು ಬಿಡುವ ಪಂಪುಗಳನ್ನು ಹಗಲು ಮಾತ್ರ ಓಡಿಸುವಂತೆ ಮಾಡಬಹುದು. ಕೃಷಿ ಪಂಪಿಗೆ ಸೋಲಾರ್ ಕೊಡುವ ಕುಸುಮ್ ಯೋಜನೆ 2019ರಿಂದ ಇದೆ. ಬಿಸಿಲು ಇರುವ ಹೊತ್ತಿಗೆ ನೀರು, ನೀರು ಬೇಕಾದ ಕಾಲಕ್ಕೆ ಬಿಸಿಲು. ಇದಕ್ಕೆ ಬ್ಯಾಟರಿಯೂ ಬೇಡ.

ಪದವಿಗೆ ಬರುವ ಮುಂದಿನ ಯೋಜನೆಗೆ ಪಂಚಾಯತುಗಳು ಈಗಲೇ ಮಾಡಿಡಬಹುದಾದ ಕೆಲಸ ಒಂದಿದೆ. ಯಾವ ಗುಡ್ಡೆಯ ಬದಿಯಲ್ಲಿ ಎಷ್ಟು ಸುರಂಗ ಇದೆ, ಯಾವುದರಲ್ಲಿ ಈಗಲೂ ನೀರಿದೆ, ಮೇಲೆ ಯಾವ ಮದಕ ಅದಕ್ಕೆ ನೀರು ಇಳಿಸುತ್ತದೆ ಅಂತ ಗುರುತು ಮಾಡಿ, ಮಾರ್ಚ್ ಮತ್ತು ಏಪ್ರಿಲ್‌ನಲ್ಲಿ ಒಂದು ಕೊಡ ತುಂಬಲು ಎಷ್ಟು ನಿಮಿಷ ಬೇಕಾಗುತ್ತದೆ ಅಂತ ಬರೆದಿಡುವುದು. ಯಂತ್ರ ಬರುವ ಮೊದಲಿನ ಒಂದು ಬೇಸಗೆಯ ಈ ಅಳತೆ ಕೈಯಲ್ಲಿ ಇಲ್ಲದಿದ್ದರೆ, ಆಮೇಲೆ ನೀರು ಕಡಿಮೆಯಾಯಿತು ಅಂತ ಹೇಳಿದವರ ಮಾತನ್ನು ಯಾವ ಕಚೇರಿಯೂ ದಾಖಲೆ ಅಂತ ತೆಗೆದುಕೊಳ್ಳುವುದಿಲ್ಲ.